ಆರ್ಕಾಟ್ ರಸ್ತೆಯ ಹಾಡು, ಬೆಂಗಳೂರಿನ ದನಿ

2025ರ ಈ ರಾಜ್ಯೋತ್ಸವದ ಹೊತ್ತಿಗೆ ಮೂರು ವಾರ್ಷಿಕೋತ್ಸವಗಳು ಒಟ್ಟಿಗೆ ಬಂದಿವೆ. ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ಆರಂಭಿಸಿ ಸೆಪ್ಟೆಂಬರ್ 10ಕ್ಕೆ 90 ವರ್ಷವಾಯಿತು. ಬೆಂಗಳೂರು ಆಕಾಶವಾಣಿಗೆ ಈ ನವೆಂಬರಿನಲ್ಲಿ 70. ಮದರಾಸಿನ ದೂರದರ್ಶನಕ್ಕೆ ಆಗಸ್ಟ್ 15ಕ್ಕೆ 50 ತುಂಬಿತು. ಪೋರೂರಿನಲ್ಲೂ ಅದರ ಸುತ್ತಮುತ್ತಲ ವಳಸರವಾಕ್ಕಂ, ರಾಮಾಪುರಗಳಲ್ಲೂ ಬೆಳೆದ ಕನ್ನಡದ ಮಕ್ಕಳು ಈ ಮೂರನ್ನೂ ಸ್ವಲ್ಪ ಸ್ವಲ್ಪ ಉಂಡವರು. ಈಗ ನಡುವಯಸ್ಸು ದಾಟಿರುವ ಆ ಮಕ್ಕಳು ಮದುವೆಮನೆಯಲ್ಲಿ ಸೇರಿದರೆ ಮಾತು ಹೇಗಾದರೂ ರೇಡಿಯೋ, ಟೀವಿಗೆ ತಿರುಗುತ್ತದೆ. ತಿರುಗಿದ ಮೇಲೆ ಊಟದ ಪಂಕ್ತಿ ಎದ್ದರೂ ಮುಗಿಯುವುದಿಲ್ಲ. ಆ ಹಂಬಲದಲ್ಲಿ ಎಷ್ಟು ನಿಜ, ಎಷ್ಟು ಬಣ್ಣ ಎಂದು ಒಮ್ಮೆ ಹಿಂತಿರುಗಿ ನೋಡುವುದಕ್ಕೆ ಇದು ಸರಿಯಾದ ಸಮಯ.

ಆಗಿನ ಪೋರೂರು ಮದರಾಸಿನ ಭಾಗವಾಗಿರಲಿಲ್ಲ. ಮಹಾನಗರಪಾಲಿಕೆಗೆ ಅದು ಸೇರಿದ್ದು 2011ರಲ್ಲಿ. ದೊಡ್ಡ ಕೆರೆ, ಪೂನಮಲ್ಲಿ ರಸ್ತೆ, ಆರ್ಕಾಟ್ ರಸ್ತೆ ಬಂದು ಕೂಡುವ ಸರ್ಕಲ್, ಅಲ್ಲಿಂದಾಚೆ ಗದ್ದೆ. ಹೋಟೆಲಿನವರು, ಬ್ಯಾಂಕಿನವರು, ಸ್ಟುಡಿಯೋಗಳಲ್ಲಿ ಕೆಲಸಕ್ಕಿದ್ದವರು ಹೀಗೆ ಚದುರಿದಂತೆ ಬಂದು ನೆಲೆಸಿದ ಕನ್ನಡ ಮನೆಗಳಿಗೆ ಶಾಲೆಯೂ ಬೀದಿಯೂ ತಮಿಳಿನವೇ. ಕನ್ನಡ ಅಂದರೆ ಅಪ್ಪ, ಅಮ್ಮ, ಅಜ್ಜಿ, ಮತ್ತೆ ರಾತ್ರಿಯ ರೇಡಿಯೋ.

ರಾತ್ರಿಯ ರೇಡಿಯೋ ಅಂದದ್ದು ಸುಮ್ಮನೆ ಅಲ್ಲ. ಬೆಂಗಳೂರು ಕೇಂದ್ರ 612 ಕಿಲೋಹರ್ಟ್ಸ್ ಮಧ್ಯಮ ತರಂಗದಲ್ಲಿತ್ತು. ನೇರ ಅಳೆದರೆ ಪೋರೂರಿಗೂ ಬೆಂಗಳೂರಿಗೂ ಮುನ್ನೂರು ಕಿಲೋಮೀಟರಿಗೆ ತುಸು ಕಡಿಮೆ. ಹಗಲಿನಲ್ಲಿ ಬಿಸಿಲು ಮೇಲುವಾತಾವರಣದಲ್ಲಿ ಹುಟ್ಟಿಸುವ ವಿದ್ಯುತ್ಕಣಗಳ ಪದರವೊಂದು ಮಧ್ಯಮ ತರಂಗವನ್ನು ಹೀರಿಬಿಡುತ್ತದೆ, ನೆಲದ ಮೇಲೆ ಹರಿದು ಬಂದಷ್ಟೇ ಲಾಭ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ದೂರದ ನೆಲಕ್ಕೆ ಮರಳುತ್ತವೆ. ಈ ವಿಜ್ಞಾನ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ದೀಪ ಹಚ್ಚುವ ಹೊತ್ತಿಗೆ ಬೆಂಗಳೂರು ಕಿವಿಗೆ ಬೀಳುತ್ತದೆ, ಒಮ್ಮೆ ಉಬ್ಬಿ ಒಮ್ಮೆ ಇಂಗುತ್ತದೆ, ಟ್ರಾನ್ಸಿಸ್ಟರನ್ನು ಇಡಿಯಾಗಿ ಪಕ್ಕಕ್ಕೆ ತಿರುಗಿಸಿದರೆ ಗೊರಗೊರ ಕಡಿಮೆಯಾಗುತ್ತದೆ. ತಿರುಗಿಸುವ ಕೆಲಸ ಮನೆಯ ಕಿರಿಯ ಮಗುವಿನದು. ಒಳಗಿನ ಫೆರೈಟ್ ಕಡ್ಡಿ ಅಲೆ ಬಂದ ದಿಕ್ಕಿಗೆ ಅಡ್ಡವಾಗಿ ನಿಂತರೆ ಚೆನ್ನಾಗಿ ಹಿಡಿಯುತ್ತದೆ ಎಂಬುದನ್ನು ಎಷ್ಟೋ ಮಂದಿ ಆಮೇಲೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿಕೊಂಡರು.

ಹಾಗೆ ಹಿಡಿದದ್ದರಲ್ಲಿ ಏನಿತ್ತು? ರೇಡಿಯೋ ನಾಟಕ, ಹರಿಕಥೆ, ಚಿತ್ರಗೀತೆ, ವಾರ್ತೆ, ರೈತರಿಗೆ ಗೊಬ್ಬರದ ಸಲಹೆ. ಎ.ಎಸ್. ಮೂರ್ತಿಯವರನ್ನು ನಾಡು ಇವತ್ತಿಗೂ ‘ಆಕಾಶವಾಣಿ ಈರಣ್ಣ’ ಎಂದೇ ನೆನೆಯುತ್ತದೆ; ಮುಖ ಕಾಣದ ಒಬ್ಬ ಮನುಷ್ಯ ಮನೆಯವನೇ ಆಗಿಬಿಡುವುದು ಆಗ ಸಾಧ್ಯವಿತ್ತು. ವಿಜಯದಶಮಿಯ ದಿನ ಮೈಸೂರಿನ ಜಂಬೂಸವಾರಿಯ ವೀಕ್ಷಕ ವಿವರಣೆ ಮಾತ್ರ ಹಗಲು ಬರುವ ಕಾರ್ಯಕ್ರಮ, ಸಿಕ್ಕರೆ ಅದೃಷ್ಟ. ಎದುರಿಗೆ ಗೊಂಬೆ ಕೂರಿಸಿರುತ್ತಿದ್ದರು, ಪಕ್ಕದ ಮನೆಯ ಮಾಮಿ ‘ಕೊಲು’ ನೋಡಲು ಬಂದಿರುತ್ತಿದ್ದರು, ಕರಕರ ಸದ್ದಿನ ನಡುವೆ ಆನೆ ಯಾವ ಬೀದಿಗೆ ಬಂತೆಂದು ಕೇಳಿಸಿಕೊಳ್ಳಲು ಎಲ್ಲರೂ ಉಸಿರು ಬಿಗಿಹಿಡಿದಿರುತ್ತಿದ್ದರು. ಆನೆಯನ್ನು ಕಿವಿಯಲ್ಲಿ ನೋಡಿದವರು ನಾವು.

ಮದರಾಸಿನ ಕನ್ನಡ ಬಾಲ್ಯದಲ್ಲಿ ಒಂದು ತಮಾಷೆಯೂ ಇದೆ. ಬೆಂಗಳೂರಿನಿಂದಲೋ ಸಿಲೋನಿನಿಂದಲೋ ಬಂತೆಂದು ನಾವು ಹಿಗ್ಗುತ್ತಿದ್ದ ಚಿತ್ರಗೀತೆಗಳಲ್ಲಿ ಹೆಚ್ಚಿನವು ಹುಟ್ಟಿದ್ದೇ ನಮ್ಮ ಬೀದಿಯ ಕೊನೆಯಲ್ಲಿ. ಪೋರೂರು ಸರ್ಕಲಿನಿಂದ ಆರ್ಕಾಟ್ ರಸ್ತೆ ಹಿಡಿದು ಹೊರಟರೆ ವಳಸರವಾಕ್ಕಂ, ಸಾಲಿಗ್ರಾಮಂ, ವಡಪಳನಿ, ಕೋಡಂಬಾಕ್ಕಂ. ಎವಿಎಂ, ವಿಜಯಾ-ವಾಹಿನಿ ಸ್ಟುಡಿಯೋಗಳೆಲ್ಲ ಆ ಸಾಲಿನಲ್ಲೇ. ರಾಜ್‌ಕುಮಾರ್ ಅವರನ್ನು ನಾಯಕನನ್ನಾಗಿಸಿದ 1954ರ ‘ಬೇಡರ ಕಣ್ಣಪ್ಪ’ದಲ್ಲಿ ಎವಿಎಂ ಕೈ ಇತ್ತು. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಪಿ. ಸುಶೀಲಾ ಇದ್ದ ಊರೂ ಇದೇ, ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರರು ವಾದ್ಯಗಾರರನ್ನು ಕೂಡಿಸಿ ರಾಗ ಕಟ್ಟಿದ್ದೂ ಇಲ್ಲಿ. ಇಲ್ಲಿ ಹಾಡಿದ್ದು ತಟ್ಟೆಯಾಗಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಗಾಳಿ ಹತ್ತಿ ಮತ್ತೆ ಪೋರೂರಿಗೆ ಬರುತ್ತಿತ್ತು. ಸಿಲೋನ್ ರೇಡಿಯೋ ಜೋರಾದದ್ದಕ್ಕೆ ಕಾರಣ ನಮ್ಮವರೇ: 1952ರಲ್ಲಿ ಕೇಂದ್ರದ ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಸಿನಿಮಾ ಹಾಡುಗಳನ್ನು ಕೀಳೆಂದು ಆಕಾಶವಾಣಿಯಿಂದ ದೂರವಿಟ್ಟರು, ಕೇಳುಗರು ಸಮುದ್ರದಾಚೆಗೆ ಕಿವಿ ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿ ಹುಟ್ಟಿದ್ದು ಆ ಕಿವಿಗಳನ್ನು ಮರಳಿ ಕರೆಯಲು.

ತಮಿಳು ಕಲಿತದ್ದೂ ರೇಡಿಯೋದಿಂದಲೇ ಎಂದು ಒಪ್ಪಿಕೊಳ್ಳಬೇಕು. ಶಾಲೆಗೆ ಹೊರಡುವ ಮುಂಚೆ ತೆಂಕಚ್ಚಿ ಕೋ. ಸ್ವಾಮಿನಾಥನ್ ‘ಇನ್ಱು ಒರು ತಗವಲ್’ನಲ್ಲಿ ನಗಿಸಿ ಕಳಿಸುತ್ತಿದ್ದರು. ‘ವಾನೊಲಿ ಅಣ್ಣ’ ಎಂದೇ ಹೆಸರಾದ ಕೂತ್ತಪಿರಾನ್ ಮಕ್ಕಳೊಂದಿಗೆ ಮಕ್ಕಳಂತೆ ಮಾತಾಡುತ್ತಿದ್ದರು.

ಟೀವಿಯ ವಿಷಯದಲ್ಲಿ ಮದರಾಸಿನವರು ಮೆರೆದರು. ಇಲ್ಲಿ 1975ರಲ್ಲೇ ದೂರದರ್ಶನ ಬಂತು. ಬೆಂಗಳೂರಿಗೆ ಬಂದದ್ದು 1981ರ ನವೆಂಬರ್ 1ರಂದು. ಆ ಆರು ವರ್ಷ ಬೇಸಿಗೆ ರಜೆಗೆ ಬಂದ ಬೆಂಗಳೂರಿನ ಸೋದರಮಾವನ ಮಕ್ಕಳ ಮುಂದೆ ನಮ್ಮ ಠೀವಿಯೇ ಠೀವಿ. (ನಮಗಿಬ್ಬರಿಗೂ ಗೊತ್ತಿಲ್ಲದೆ, ಅದೇ 1975ರ ಆಗಸ್ಟಿನಿಂದ ಒಂದು ವರ್ಷ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಶಾಲೆಗಳಲ್ಲಿ ಮಕ್ಕಳು ಉಪಗ್ರಹದಿಂದ ಇಳಿದ ಕನ್ನಡ ಟೀವಿ ನೋಡುತ್ತಿದ್ದರು. ರಾಜಧಾನಿಗಿಂತ ಮೊದಲು ಟೀವಿ ಕಂಡದ್ದು ಉತ್ತರ ಕರ್ನಾಟಕದ ಹಳ್ಳಿ.) ನಮಗೆ ಟೀವಿ ಇತ್ತು, ಅದರಲ್ಲಿ ಕನ್ನಡ ಇರಲಿಲ್ಲ. ಶುಕ್ರವಾರ ಚಿತ್ರಗೀತೆಗಳ ‘ಒಳಿಯುಂ ಒಲಿಯುಂ’, ಗದ್ದೆಯವರಿಗೆ ‘ವಯಲುಂ ವಾಳ್ವುಂ’, ಮಕ್ಕಳಿಗೆ ‘ಕಣ್ಮಣಿ ಪೂಂಗಾ’. ಒಂದು ಬೀದಿಗೆ ಒಂದು ಸೆಟ್ಟು. ಅದಕ್ಕೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕು, ಪುಸ್ತಕ ಜೋಪಾನ ಮಾಡಬೇಕು. ಭಾನುವಾರ ಮಧ್ಯಾಹ್ನ ರಾಷ್ಟ್ರೀಯ ಜಾಲದಲ್ಲಿ ಪ್ರಾದೇಶಿಕ ಭಾಷೆಯ ಪ್ರಶಸ್ತಿ ಚಿತ್ರ ಹಾಕುವುದು ಶುರುವಾದ ಮೇಲೆ ಕನ್ನಡದ ಸರದಿ ಯಾವಾಗ ಬರುತ್ತದೆಂದು ಲೆಕ್ಕ ಹಾಕಿ ಕೂರುತ್ತಿದ್ದೆವು. ಬರುತ್ತಿದ್ದದ್ದು ಗಂಭೀರ ಚಿತ್ರ, ಮಕ್ಕಳಿಗೆ ತಳಬುಡ ತಿಳಿಯದು. ಆದರೂ ಮನೆಮಂದಿಯ ಜೊತೆ ಚಾಪೆ ಬಿಟ್ಟು ಏಳುತ್ತಿರಲಿಲ್ಲ.

ಆ ಕಾಲದ ಟೀವಿಯಲ್ಲಿ ಕೊನೆಗೂ ನಮ್ಮದೆನಿಸಿದ್ದು ‘ಮಾಲ್ಗುಡಿ ಡೇಸ್’. ಪುರಸವಾಕ್ಕಂನಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆದು ಮೈಸೂರಿನಲ್ಲಿ ಬದುಕಿದ ಆರ್.ಕೆ. ನಾರಾಯಣ್ ಬರೆದ ಕಥೆಗಳು. ಶಂಕರ್ ನಾಗ್ ನಿರ್ದೇಶನ, ಆಗುಂಬೆಯ ಮನೆ ಬೀದಿಗಳು, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್, ಆರ್.ಕೆ. ಲಕ್ಷ್ಮಣರ ಗೆರೆಚಿತ್ರ, ಮದರಾಸಿನ ಎಲ್. ವೈದ್ಯನಾಥನ್ ಅವರ ಸಂಗೀತ. ಅವರೆಲ್ಲ ಆಡಿದ್ದು ಹಿಂದಿ. ಪೋರೂರಿನ ತಮಿಳು ಮನೆಗೂ ಕನ್ನಡ ಮನೆಗೂ ಆ ಹಿಂದಿ ಅರ್ಧಂಬರ್ಧ, ಆದರೆ ಆ ಜಗುಲಿ, ಆ ಮಳೆ, ಪರೀಕ್ಷೆಗೆ ಹೆದರುವ ಆ ಹುಡುಗ ಇಬ್ಬರಿಗೂ ಪೂರ್ತಿ ಗೊತ್ತು. ‘ರಾಮಾಯಣ’ಕ್ಕೆ ಬೀದಿ ಖಾಲಿಯಾದದ್ದನ್ನು ಎಲ್ಲರೂ ಬರೆದಿದ್ದಾರೆ, ನಮ್ಮ ಮಟ್ಟಿಗೆ ‘ಮಾಲ್ಗುಡಿ’ಯ ತೂಕವೇ ಹೆಚ್ಚು.

ಹಂಬಲಕ್ಕೆ ಕಡಿವಾಣ ಹಾಕಬೇಕಾದ ಜಾಗ ಇದು. ಅಂದಿನ ಕಾರ್ಯಕ್ರಮಗಳೆಲ್ಲ ಚಿನ್ನವಾಗಿರಲಿಲ್ಲ. ಮಂತ್ರಿಗಳ ಭಾಷಣ, ಶಿಲಾನ್ಯಾಸ, ಬೇಸರ ಹಿಡಿಸುವ ಸಂವಾದಗಳೇ ಬಹಳ. ಸರ್ಕಾರವನ್ನು ಟೀಕಿಸುವ ಮಾತು ಸುಳಿಯುತ್ತಿರಲಿಲ್ಲ. ಬೇರೇನೂ ಇಲ್ಲದ್ದರಿಂದ ಕೇಳಿದೆವು, ಕೇಳಿದ್ದರಿಂದ ಮೆಚ್ಚಿದೆವು ಎಂಬುದೂ ಉಂಟು. 1994ರ ಜೂನ್‌ನಲ್ಲಿ ಉದಯ ಟೀವಿ ಬಂದಾಗ ಪೋರೂರಿನ ಕನ್ನಡ ಮನೆಗಳು ರೇಡಿಯೋ ತಿರುಗಿಸುವುದನ್ನು ಯಾವ ದುಃಖವೂ ಇಲ್ಲದೆ ಬಿಟ್ಟವು. ಆ ವಾಹಿನಿಯ ಒಡೆತನವೂ ಚೆನ್ನೈನದೇ ಎಂಬುದು ಮತ್ತೊಂದು ತಮಾಷೆ. ದೂರದರ್ಶನದ ಕನ್ನಡ ವಾಹಿನಿಯೂ ಕೇಬಲ್ಲಿನಲ್ಲಿ ಸಿಕ್ಕಿತು. 2002ರಲ್ಲಿ ಡಾ. ನಾ. ಸೋಮೇಶ್ವರರು ‘ಥಟ್ ಅಂತ ಹೇಳಿ!’ ಆರಂಭಿಸಿ, ಸರಿಯುತ್ತರಕ್ಕೆ ಕನ್ನಡ ಪುಸ್ತಕ ಕೊಡುವ ಪದ್ಧತಿ ಹಾಕಿದರು. ತಮಿಳುನಾಡಿನಲ್ಲಿ ಕನ್ನಡ ಓದಲು ಬಾರದೆ ಬೆಳೆದ ಎರಡನೆಯ ತಲೆಮಾರಿಗೆ ಅದು ನಿಜವಾದ ಉಪಕಾರ. ಇಂದು ಬೆಂಗಳೂರು ಆಕಾಶವಾಣಿ ಮೊಬೈಲಿನಲ್ಲಿ ಹಗಲಿರುಳು ತಡೆಯಿಲ್ಲದೆ ಕೇಳುತ್ತದೆ. ಲಾಭವನ್ನು ಲಾಭವೆಂದೇ ಬರೆದುಕೊಳ್ಳಬೇಕು.

ಹಾಗಾದರೆ ಕಳೆದದ್ದು ಏನು? ನಮ್ಮ ಲೆಕ್ಕದಲ್ಲಿ ಒಂದೇ ಒಂದು, ಅದೇ ದೊಡ್ಡದು: ಮಕ್ಕಳಿಗೆಂದು ಕನ್ನಡದಲ್ಲೇ ಯೋಚಿಸಿ ಮಾಡಿದ ಪ್ರಸಾರ. ಆಕಾಶವಾಣಿಯವರು ಭಾನುವಾರದ ಮಕ್ಕಳ ಕಾರ್ಯಕ್ರಮಕ್ಕೆ ಶಾಲೆಯ ಮಕ್ಕಳನ್ನು ಕರೆಸಿ, ಕಥೆ ಹೇಳಿಸಿ, ನಾಟಕ ಆಡಿಸಿ, ಬಂದ ಕಾಗದಗಳನ್ನು ಓದುತ್ತಿದ್ದರು. 2009ರಲ್ಲಿ ಚಿಂಟು ಟೀವಿ ಬಂದಾಗ ಕನ್ನಡಕ್ಕೊಂದು ಮಕ್ಕಳ ವಾಹಿನಿಯಾಯಿತೆಂದು ಸಂತೋಷಪಟ್ಟೆವು, ಆದರೆ ಅದರ ಹೊಟ್ಟೆ ತುಂಬಿದ್ದು ಬಹುಮಟ್ಟಿಗೆ ಡಬ್ ಮಾಡಿದ ಕಾರ್ಟೂನು. ಮಾತು ಕನ್ನಡ, ಊರು ಮರ ತಿಂಡಿ ಯಾವುದೂ ಅಲ್ಲ. ಈ ಕಷ್ಟ ನಮ್ಮೊಬ್ಬರದೇ ಅಲ್ಲ. ಬ್ರಿಟನ್ನಿನಲ್ಲಿ ಬಿಬಿಸಿ 1922ರಿಂದ ನಡೆಸಿದ ‘ಚಿಲ್ಡ್ರನ್ಸ್ ಅವರ್’ ರೇಡಿಯೋ ಕಾರ್ಯಕ್ರಮವನ್ನು 1964ರಲ್ಲಿ ಮುಚ್ಚಿತು. ಎಳೆಯರಿಗಾಗಿ 1950ರಲ್ಲಿ ಶುರುಮಾಡಿದ ‘ಲಿಸನ್ ವಿತ್ ಮದರ್’ 1982ಕ್ಕೆ ನಿಂತಿತು. ಆದರೆ 1958ರ ‘ಬ್ಲೂ ಪೀಟರ್’ ಇಂದಿಗೂ ಇದೆ, ಏಕೆಂದರೆ ಮಕ್ಕಳಿಗೆ ಹೊಸದನ್ನು ಮಾಡುವುದು ತನ್ನ ಕರ್ತವ್ಯವೆಂದು ಆ ಸಂಸ್ಥೆ ಒಪ್ಪಿಕೊಂಡಿದೆ. ನಮ್ಮ ಸಾರ್ವಜನಿಕ ಪ್ರಸಾರಕ್ಕೆ ಕನ್ನಡದ ಮಕ್ಕಳ ವಿಷಯದಲ್ಲಿ ಅಂಥ ಹಟ ಕಾಣುತ್ತಿಲ್ಲ.

ಮಾಡಿದ್ದನ್ನು ಉಳಿಸಿಕೊಳ್ಳುವುದರಲ್ಲಿ ಬ್ರಿಟನ್ನಿನವರೂ ಜಾಣರಲ್ಲ. ಟೇಪು ದುಬಾರಿಯೆಂದು ಬಿಬಿಸಿ ಹಳೆಯದನ್ನು ಅಳಿಸಿ ಮೇಲೆ ಹೊಸದನ್ನು ಮುದ್ರಿಸಿದ್ದರಿಂದ 1960ರ ದಶಕದ ‘ಡಾಕ್ಟರ್ ಹೂ’ ಕಂತುಗಳಲ್ಲಿ ಎಷ್ಟೋ ಇಂದು ಸಿಗುವುದಿಲ್ಲ. ಸಿಗದವುಗಳ ಧ್ವನಿಯಾದರೂ ಉಳಿದದ್ದು ನೋಡುಗರು ಮನೆಯಲ್ಲಿ ಮಾಡಿಕೊಂಡ ಧ್ವನಿಮುದ್ರಣದಿಂದ. ಟೇಪು ಅಳಿಸಿ ಮತ್ತೆ ಬಳಸುವ ರೂಢಿ ನಮ್ಮ ಕೇಂದ್ರಗಳಲ್ಲೂ ಇತ್ತು. ಹಾಗಾಗಿ ನಾಳೆ ಯಾರಾದರೂ ಕನ್ನಡದ ಮಕ್ಕಳ ಬಾನುಲಿಯ ಚರಿತ್ರೆ ಬರೆಯಹೊರಟರೆ ಅವರಿಗೆ ನೆರವಾಗುವುದು ಮನೆಮನೆಯ ಅಟ್ಟದಲ್ಲಿರುವ ಕ್ಯಾಸೆಟ್ಟುಗಳು.

ಪೋರೂರಿನ, ಚೆನ್ನೈನ ಕನ್ನಡ ಮನೆಗಳಿಗೆ ನಮ್ಮ ಕೋರಿಕೆ ಇಷ್ಟು. ರೇಡಿಯೋದ ಪಕ್ಕ ಟೇಪ್‌ರೆಕಾರ್ಡರ್ ಇಟ್ಟು ಹಿಡಿದ ಕ್ಯಾಸೆಟ್ಟು ನಿಮ್ಮಲ್ಲಿದ್ದರೆ ಎಸೆಯಬೇಡಿ. ಬೂಸ್ಟು ಹಿಡಿಯುವ ಮುಂಚೆ ಕಂಪ್ಯೂಟರಿಗೆ ಇಳಿಸಿ, ದಿನಾಂಕ ನೆನಪಿದ್ದರೆ ಬರೆದು, ಒಂದು ಪ್ರತಿಯನ್ನು ಬೆಂಗಳೂರು ಆಕಾಶವಾಣಿಗೆ ಕಳಿಸಿ. ಜೊತೆಗೊಂದು ಕಾಗದವನ್ನೂ ಇಡಿ: ವಾರಕ್ಕೆ ಒಂದು ಗಂಟೆ ಮಕ್ಕಳಿಗೆ, ಹೊಸದಾಗಿ, ಕನ್ನಡದಲ್ಲೇ ಬೇಕು ಎಂದು. ಕೇಳುಗರ ಪತ್ರಕ್ಕೆ ಆಕಾಶವಾಣಿ ಕೇಂದ್ರಗಳು ಒಂದು ಕಾಲಕ್ಕೆ ಗಾಳಿಯಲ್ಲೇ ಉತ್ತರ ಕೊಡುತ್ತಿದ್ದವು.