ಕೋಡಿ ಇಲ್ಲದ ಕೆರೆ

ಕೆರೆ ಕಟ್ಟಿಸುವವನು ಏರಿಯ ಎತ್ತರವನ್ನು ಗೊತ್ತುಮಾಡುವಾಗಲೇ ಕೋಡಿಯ ಜಾಗವನ್ನೂ ಗೊತ್ತುಮಾಡುತ್ತಾನೆ. ಬೇಸಗೆಯಲ್ಲಿ ನೋಡಿದವರಿಗೆ ಕೋಡಿಯೆಂಬುದು ದುಂದುಗಾರಿಕೆಯಂತೆ ತೋರಬಹುದು. ಪ್ರಯಾಸದಿಂದ ಕೂಡಿಸಿದ ನೀರನ್ನು ಹೊರಗೆ ಬಿಡುವುದಕ್ಕೂ ಒಂದು ದಾರಿಯೇ ಎಂದು ಕೇಳುವವರೂ ಉಂಟು. ಅದರ ಬೆಲೆ ತಿಳಿಯುವುದು ಮಳೆಗಾಲದ ಯಾವುದೋ ಒಂದು ರಾತ್ರಿ. ಈ ಹಳೆಯ ವಿವೇಕವೇ ಅತಿವೇಗದ ಮೋಟಾರು ಕಾರಿನ ಎಂಜಿನ್ನಿನೊಳಗೂ ಅಡಗಿ ಕುಳಿತಿದೆಯೆಂದರೆ ಓದುಗರಿಗೆ ಆಶ್ಚರ್ಯವಾದೀತು.

ಎಂಜಿನ್ನಿನಲ್ಲಿ ಸುಟ್ಟ ಪೆಟ್ರೋಲಿನ ಶಕ್ತಿಯೆಲ್ಲ ಚಕ್ರಗಳನ್ನು ತಲಪುವುದಿಲ್ಲ. ಅದರಲ್ಲಿ ದೊಡ್ಡದೊಂದು ಪಾಲು ಬಿಸಿಹೊಗೆಯ ರೂಪದಲ್ಲಿ ಹಿಂದಿನ ಕೊಳವೆಯಿಂದ ಹೊರಬಿದ್ದು ಗಾಳಿಯ ಪಾಲಾಗುತ್ತದೆ. ಈ ನಷ್ಟವನ್ನು ಕಂಡು ಮರುಗಿದವನು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ. ಹೊರಹೋಗುವ ಹೊಗೆಯ ದಾರಿಯಲ್ಲಿ ಒಂದು ಪುಟ್ಟ ರೆಕ್ಕೆಚಕ್ರವನ್ನಿಟ್ಟು, ಅದೇ ದಂಡದ ಇನ್ನೊಂದು ತುದಿಗೆ ಮತ್ತೊಂದು ಚಕ್ರವನ್ನು ಸೇರಿಸಿದರೆ, ಹೊಗೆ ತಿರುಗಿಸುವ ಮೊದಲನೆಯ ಚಕ್ರವು ಎರಡನೆಯದರಿಂದ ಹೊಸ ಗಾಳಿಯನ್ನು ಎಂಜಿನ್ನಿನೊಳಕ್ಕೆ ಒತ್ತಿ ತುಂಬಿಸುತ್ತದೆ. ಗಾಳಿ ಹೆಚ್ಚಾದಷ್ಟೂ ಪೆಟ್ರೋಲನ್ನು ಹೆಚ್ಚಾಗಿ ಸುಡಬಹುದು. ಸಣ್ಣ ಎಂಜಿನ್ನು ದೊಡ್ಡದರ ಕೆಲಸವನ್ನು ಮಾಡಬಹುದು. ಬ್ಯೂಖಿ ಈ ಕಲ್ಪನೆಗೆ ಪೇಟೆಂಟ್ ಬೇಡಿದ್ದು 1905ರಲ್ಲಿ. ಇಂದು ಟರ್ಬೋಚಾರ್ಜರ್ ಎಂದು ಹೆಸರಾಗಿರುವುದು ಇದೇ.

ಆದರೆ ಈ ಏರ್ಪಾಟಿನಲ್ಲಿ ಒಂದು ತೊಡಕು ಹುಟ್ಟಿನಿಂದಲೇ ಬಂದಿದೆ. ಗಾಳಿ ಹೆಚ್ಚಿದರೆ ಹೊಗೆ ಹೆಚ್ಚುತ್ತದೆ; ಹೊಗೆ ಹೆಚ್ಚಿದರೆ ಚಕ್ರದ ವೇಗ ಹೆಚ್ಚುತ್ತದೆ; ಚಕ್ರದ ವೇಗ ಹೆಚ್ಚಿದರೆ ಮತ್ತಷ್ಟು ಗಾಳಿ ಒಳನುಗ್ಗುತ್ತದೆ. ನಿಮಿಷಕ್ಕೆ ಲಕ್ಷ ಸುತ್ತುಗಳನ್ನು ಮೀರಿ ತಿರುಗಬಲ್ಲ ಆ ಚಕ್ರಕ್ಕೆ ಸಾಕು ಎಂಬ ಮಾತು ತಿಳಿಯದು. ಒತ್ತಡ ಮಿತಿಮೀರಿದಾಗ ಸಿಲಿಂಡರಿನೊಳಗಣ ಅನಿಲವು ಕ್ರಮವಾಗಿ ಉರಿಯುವ ಬದಲು ಒಮ್ಮೆಗೇ ಸಿಡಿಯುತ್ತದೆ. ಸುತ್ತಿಗೆಯಿಂದ ಬಡಿದಂತೆ ಟಕಟಕ ಸದ್ದು ಕೇಳಿಬರುತ್ತದೆ. ಚಾಲಕ ಅದನ್ನು ಲೆಕ್ಕಿಸದೆ ಮುಂದುವರಿದರೆ ಅಲ್ಯೂಮಿನಿಯಮ್ಮಿನ ಪಿಸ್ಟನ್ ಕರಗಿ ತೂತುಬೀಳುವುದಕ್ಕೆ ಹೆಚ್ಚು ಹೊತ್ತು ಬೇಡ.

ಇದಕ್ಕೆ ಪರಿಹಾರವೇ ಎಂಜಿನ್ನಿನ ಕೋಡಿ. ಹೊಗೆಯು ಚಕ್ರವನ್ನು ಮುಟ್ಟುವ ಮುನ್ನವೇ ಪಕ್ಕಕ್ಕೆ ಹರಿದುಹೋಗುವಂತೆ ಒಂದು ಕವಾಟವನ್ನಿಡುತ್ತಾರೆ. ವೇಸ್ಟ್‌ಗೇಟ್ ಎಂದು ಅದರ ಹೆಸರು. ಒಂದು ಸ್ಪ್ರಿಂಗು ಅದನ್ನು ಮುಚ್ಚಿ ಹಿಡಿದಿರುತ್ತದೆ. ಒಳಗೆ ತುಂಬುವ ಗಾಳಿಯ ಒತ್ತಡವು ಸಣ್ಣದೊಂದು ರಬ್ಬರ್ ನಾಳದ ಮೂಲಕ ಬಂದು, ಸ್ಪ್ರಿಂಗಿನ ಬಲವನ್ನು ಮೀರಿದೊಡನೆ ಕವಾಟವನ್ನು ತೆರೆಯುತ್ತದೆ. ಹೆಚ್ಚಾದ ಹೊಗೆ ಚಕ್ರವನ್ನು ಬಳಸಿಕೊಂಡು ಹೊರಟುಹೋಗುತ್ತದೆ.

1962ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು ಟರ್ಬೋ ಇರುವ ಎರಡು ಕಾರುಗಳನ್ನು ಜನರ ಮುಂದಿಟ್ಟಿತು. ಷೆವರ್ಲೆ ಕಾರ್ವೇರಿನಲ್ಲಿ ಇಂಥ ಕವಾಟವಿರಲಿಲ್ಲ. ಸೈಲೆನ್ಸರಿನ ಇಕ್ಕಟ್ಟೇ ಹೊಗೆಯನ್ನು ತಡೆದು ಒತ್ತಡವನ್ನು ಅಂಕೆಯಲ್ಲಿಡುತ್ತಿತ್ತು. ಅದನ್ನು ಕಿತ್ತು ಸಲೀಸಾದ ಕೊಳವೆಯನ್ನು ಹಾಕಿದವನು ತನಗೆ ತಿಳಿಯದೆಯೇ ಆ ಅಂಕೆಯನ್ನು ಸಡಿಲಿಸಿದಂತಾಗುತ್ತಿತ್ತು. ಓಲ್ಡ್ಸ್‌ಮೊಬೀಲ್ ಜೆಟ್‌ಫೈರಿನಲ್ಲಿ ಕವಾಟವಿತ್ತು. 215 ಘನ ಅಂಗುಲದ ಎಂಜಿನ್ನಿನಿಂದ 215 ಅಶ್ವಶಕ್ತಿ ಅದರ ಹೆಮ್ಮೆ. ಸಿಡಿತವನ್ನು ತಡೆಯಲೆಂದು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವೊಂದು ಎಂಜಿನ್ನಿಗೆ ಇಳಿಯುವಂತೆ ಮಾಡಿದ್ದರು. ಆದರೆ ಪೆಟ್ರೋಲು ತುಂಬಿಸುವುದನ್ನು ಮರೆಯದ ಮಾಲೀಕರು ಈ ದ್ರವವನ್ನು ತುಂಬಿಸಲು ಮರೆಯುತ್ತಿದ್ದರು. ಅದು ಬರಿದಾದಾಗ ಯಂತ್ರವೇ ಗಾಳಿಯ ಒತ್ತಡವನ್ನು ತಗ್ಗಿಸಿಕೊಳ್ಳುತ್ತಿತ್ತು. ಕಾರಿನ ಕಸುವು ಕುಂದುತ್ತಿತ್ತು. ಜೆಟ್‌ಫೈರಿನ ತಯಾರಿಕೆ 1963ಕ್ಕೇ ನಿಂತುಹೋಯಿತು.

ಕವಾಟದ ಹಿಡಿತವನ್ನು ಚಾಲಕನ ಕೈಗೇ ಕೊಟ್ಟರೆ ಏನಾದೀತು ಎಂಬುದಕ್ಕೆ ಉತ್ತರ ದೊರೆತದ್ದು ಪಂದ್ಯದ ಕಣದಲ್ಲಿ. ಅಮೆರಿಕ ಕೆನಡಾಗಳಲ್ಲಿ ನಡೆಯುತ್ತಿದ್ದ ಕ್ಯಾನ್-ಆಮ್ ಪಂದ್ಯಮಾಲೆಗೆ ಪೋರ್ಷೆ ಸಂಸ್ಥೆ 1973ರಲ್ಲಿ 917/30 ಎಂಬ ಕಾರನ್ನು ಇಳಿಸಿತು. ಹನ್ನೆರಡು ಸಿಲಿಂಡರು, ಎರಡು ಟರ್ಬೋ, ಸುಮಾರು 1,100 ಅಶ್ವಶಕ್ತಿ. ಚಾಲಕನ ಮುಂದೆ ಒತ್ತಡವನ್ನು ಏರಿಸಿ ಇಳಿಸುವ ಒಂದು ಗುಂಡಿ. ಚಾಲಕ ಮಾರ್ಕ್ ಡೊನಹ್ಯೂ ಎಂಜಿನಿಯರಿಂಗ್ ಓದಿದವನು. ಕಾರನ್ನು ಪಳಗಿಸುವುದರಲ್ಲಿ ತಯಾರಕರೊಡನೆ ತಾನೂ ಬೆವರು ಸುರಿಸಿದವನು. ಗುಂಡಿಯನ್ನು ತಿರುಗಿಸಿದರೆ ಎಂಜಿನ್ನಿನ ಆಯುಷ್ಯದಲ್ಲಿ ಎಷ್ಟು ಕಳೆಯುತ್ತದೆಂಬ ಲೆಕ್ಕ ಅವನಿಗೆ ಗೊತ್ತಿತ್ತು. ಆ ವರ್ಷದ ಎಂಟು ಪಂದ್ಯಗಳಲ್ಲಿ ಆರನ್ನು ಗೆದ್ದು ಅವನು ಪ್ರಶಸ್ತಿಯನ್ನು ಪಡೆದ.

ಇಂದು ಅಂಥ ಗುಂಡಿಯನ್ನು ಅಂಗಡಿಯಲ್ಲಿ ಕೊಂಡು ತನ್ನ ಸ್ವಂತ ಕಾರಿಗೆ ಜೋಡಿಸಿಕೊಳ್ಳಬಯಸುವ ತರುಣರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಕೆಲಸ ನೋಡುವುದಕ್ಕೆ ಸುಲಭ. ಕವಾಟಕ್ಕೆ ಹೋಗುವ ರಬ್ಬರ್ ನಾಳದ ನಡುವೆ ಒಂದು ಪುಟ್ಟ ತಿರುಪನ್ನು ಕೂಡಿಸಿದರಾಯಿತು. ಅದು ನಾಳದೊಳಗಣ ಒತ್ತಡದಲ್ಲಿ ಒಂದಿಷ್ಟನ್ನು ಸೋರಿಹೋಗಗೊಡುತ್ತದೆ. ಕವಾಟ ಮೋಸಹೋಗಿ ತಡವಾಗಿ ತೆರೆಯುತ್ತದೆ. ಎಂಜಿನ್ನಿಗೆ ಗಾಳಿ ಹೆಚ್ಚುತ್ತದೆ. ತಿಳಿದ ಕೆಲಸಗಾರನಾದರೋ ಅಷ್ಟಕ್ಕೇ ತೃಪ್ತನಾಗುವುದಿಲ್ಲ. ಮೊದಲು ಚಾಲಕನ ಕಣ್ಣಿಗೆ ಬೀಳುವಲ್ಲಿ ಒತ್ತಡಮಾಪಕವನ್ನು ಕೂಡಿಸುತ್ತಾನೆ. ತಿರುಪನ್ನು ಅತಿ ಕಡಮೆಯ ಒತ್ತಡಕ್ಕಿಟ್ಟು ಆರಂಭಿಸುತ್ತಾನೆ. ಕೂದಲೆಳೆಯಷ್ಟು ತಿರುಗಿಸಿ, ಓಡಿಸಿ, ಕಿವಿಗೊಟ್ಟು ಕೇಳಿ, ಆಮೇಲೆ ಮತ್ತೆ ಕೂದಲೆಳೆಯಷ್ಟು. ಗಾಳಿ ಹೆಚ್ಚಿದಂತೆ ಪೆಟ್ರೋಲೂ ಹೆಚ್ಚಿತೇ, ಕಿಡಿ ಹಾರುವ ಗಳಿಗೆ ಸರಿಯಾಗಿದೆಯೇ ಎಂದು ಪರೀಕ್ಷಿಸುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ ಆ ರಬ್ಬರ್ ನಾಳದ ಎರಡು ತುದಿಗಳನ್ನೂ ಭದ್ರವಾಗಿ ಬಿಗಿಯುತ್ತಾನೆ. ನಾಳ ಕಳಚಿದರೆ ಕವಾಟಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಅದು ಮುಚ್ಚಿಕೊಂಡೇ ಇರುತ್ತದೆ, ಒತ್ತಡ ತಡೆಯಿಲ್ಲದೆ ಏರುತ್ತದೆ. ಕೆಲವೇ ರೂಪಾಯಿಯ ನಾಳಕ್ಕೆ ಲಕ್ಷಗಟ್ಟಲೆಯ ಎಂಜಿನ್ನು ಬಲಿಯಾಗುವುದು ಹೀಗೆ.

ಪಂದ್ಯದ ಎಂಜಿನ್ನು ಕೆಲವು ಗಂಟೆಗಳ ಬಾಳಿಗೆಂದೇ ಹುಟ್ಟಿದ್ದು. ಪಂದ್ಯ ಮುಗಿದೊಡನೆ ಅದನ್ನು ಬಿಚ್ಚಿ ಹೊಸದಾಗಿ ಕಟ್ಟುವವರಿದ್ದಾರೆ. ಮನೆಯ ಕಾರಿನ ಹಿಂದಿನ ಆಸನದಲ್ಲಿ ಮಡದಿ ಮಕ್ಕಳು ಕುಳಿತಿರುತ್ತಾರೆ. ಹೆದ್ದಾರಿಯಲ್ಲಿ ಲಾರಿಯೊಂದನ್ನು ಹಿಂದೆ ಹಾಕುವ ಗಳಿಗೆಯಲ್ಲಿ ಎಂಜಿನ್ನು ಕೈಕೊಟ್ಟರೆ ನಷ್ಟ ಪಿಸ್ಟನ್ನಿನೊಂದಿಗೇ ಮುಗಿಯುವುದೆಂದು ಹೇಳಲಾಗದು.

ಒಳ್ಳೆಯ ಮಳೆಯಾದ ವರ್ಷ ಕೋಡಿಗೆ ಅಡ್ಡಲಾಗಿ ಮರಳಿನ ಚೀಲಗಳನ್ನು ಪೇರಿಸಿ, ಇನ್ನೆರಡು ಗೇಣು ನೀರನ್ನು ನಿಲ್ಲಿಸಿಕೊಳ್ಳೋಣವೆಂಬ ಆಸೆ ಹಳ್ಳಿಯಲ್ಲಿಯೂ ಹುಟ್ಟುತ್ತದೆ. ಆಗ ಊರಿನ ಹಿರಿಯರು ಮೊದಲು ಹೋಗಿ ನೋಡುವುದು ನೀರನ್ನಲ್ಲ, ಏರಿಯನ್ನು. ತಿರುಪಿಗೆ ಕೈಹಾಕುವ ತರುಣನೂ ಅಷ್ಟನ್ನು ಮಾಡಿದರೆ ಸಾಕು. ಕವಾಟ ತೆರೆದು ಹೊರಗೆ ಹೋದ ಹೊಗೆಗಾಗಿ ಅವನು ಮರುಗಬೇಕಾಗಿಲ್ಲ. ಕೋಡಿ ಬಿದ್ದ ದಿನ ಊರಿನವರು ಕೆರೆಗೆ ಬಾಗಿನ ಕೊಡುತ್ತಾರೆಯೇ ಹೊರತು, ನೀರು ಪೋಲಾಯಿತೆಂದು ಯಾರೂ ಅಳುವುದಿಲ್ಲ.