ನಾಬೋತನ ತೋಟ, ಅರಸನ ಮೊಹರು

ಇಸ್ರೇಲಿನ ಅರಸ ಅಹಾಬ ಸಣ್ಣ ಪಾಳೆಯಗಾರನಲ್ಲ. ಕ್ರಿ.ಪೂ. 853ರ ಕರ್ಕರ್ ಕದನಕ್ಕೆ ಅವನು 2,000 ರಥ, 10,000 ಕಾಲಾಳು ತಂದಿದ್ದನೆಂದು ಎದುರಾಳಿ ಅಸ್ಸೀರಿಯಾದ ಮೂರನೆಯ ಶಲ್ಮನೇಸರನೇ ಕಲ್ಲಿನಲ್ಲಿ ಕೊರೆಸಿದ್ದಾನೆ. ಆ ಶಾಸನ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅಂಥವನು ಒಂದು ದ್ರಾಕ್ಷಿತೋಟ ಸಿಗಲಿಲ್ಲವೆಂದು ಊಟ ಬಿಟ್ಟು, ಮುಖ ತಿರುಗಿಸಿಕೊಂಡು ಮಲಗಿದನೆಂದು ಬೈಬಲ್ ಹೇಳುತ್ತದೆ.

ತೋಟ ಇಜ್ರೇಲ್ ಎಂಬ ಊರಿನ ಅರಮನೆಗೆ ಅಂಟಿಕೊಂಡಿತ್ತು. ಅರಸನಿಗೆ ಅಲ್ಲಿ ಕಾಯಿಪಲ್ಲೆ ಬೆಳೆಯುವ ಆಸೆ. ಇದಕ್ಕಿಂತ ಒಳ್ಳೆಯ ತೋಟ ಕೊಡುತ್ತೇನೆ, ಇಲ್ಲವೇ ಹಣ ತಗೋ ಎಂದ. ಪಿತ್ರಾರ್ಜಿತ, ಕೊಡಲಾರೆ ಎಂದ ತೋಟದ ಒಡೆಯ ನಾಬೋತ. ಭೂಮಿ ದೇವರದು, ಅದನ್ನು ಶಾಶ್ವತವಾಗಿ ಮಾರುವಂತಿಲ್ಲ ಎಂಬುದು ಯಾಜಕಕಾಂಡದ ಕಟ್ಟಳೆ. ಆ ಲೆಕ್ಕಕ್ಕೆ ಅರಸನೂ ಒಬ್ಬ ಒಕ್ಕಲು.

ರಾಣಿ ಈಜೆಬೆಲಳು ದಂಡು ಕಳಿಸಬಹುದಿತ್ತು. ಅವಳು ಪತ್ರ ಬರೆದಳು: ಗಂಡನ ಹೆಸರಿನಲ್ಲಿ, ಅವನ ಮೊಹರು ಒತ್ತಿ, ಊರ ಹಿರಿಯರಿಗೆ. ಉಪವಾಸ ಸಾರಿಸಿ, ನಾಬೋತನನ್ನು ಜನರ ಮುಂದೆ ಕೂರಿಸಿ, ದೇವರನ್ನೂ ಅರಸನನ್ನೂ ಬೈದನೆಂದು ಇಬ್ಬರು ಪುಂಡರಿಂದ ಹೇಳಿಸಿ. ಇಬ್ಬರೇ ಏಕೆ? ಮರಣದಂಡನೆಗೆ ಕಡೇಪಕ್ಷ ಇಬ್ಬರು ಸಾಕ್ಷಿಗಳಿರಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಕಾಗದಪತ್ರದ ಮಟ್ಟಿಗೆ ಎಲ್ಲವೂ ಅಚ್ಚುಕಟ್ಟು. ನಾಬೋತನನ್ನು ಊರಾಚೆ ಎಳೆದೊಯ್ದು ಕಲ್ಲೆಸೆದು ಕೊಂದರು.

ದೈವನ್ಯಾಯ ಎಂದರೆ ಸಿಡಿಲು, ಬೆಂಕಿ ಕಣ್ಣ ಮುಂದೆ ಬರುತ್ತವೆ. ಇಲ್ಲಿ ಬಂದವನು ಪ್ರವಾದಿ ಎಲೀಯ, ಅದೂ ಹೆಣ ಬಿದ್ದ ಮೇಲೆ. ತೋಟ ವಶಪಡಿಸಿಕೊಳ್ಳಲು ಹೊರಟ ಅಹಾಬನನ್ನು ಅಲ್ಲೇ ಅಡ್ಡಗಟ್ಟಿ, ಕೊಂದದ್ದಲ್ಲದೆ ಆಸ್ತಿಯನ್ನೂ ನುಂಗಲು ಬಂದೆಯಾ ಎಂದು ಕೇಳಿದ. ಪತ್ರ ರಾಣಿಯದು, ವಿಚಾರಣೆ ಹಿರಿಯರದು, ಕಲ್ಲು ಊರವರದು. ಆದರೂ ಕೊಲೆಗಾರ ಮೊಹರಿನ ಒಡೆಯನೇ. ಹಿಂದೆ ಅರಸ ದಾವೀದ ತನ್ನ ಸೈನಿಕ ಊರೀಯನನ್ನು ಕೊಲ್ಲಿಸಿದ್ದೂ ಪತ್ರದಿಂದಲೇ, ಅದನ್ನು ಸೇನಾಪತಿಗೆ ಮುಟ್ಟಿಸಿದವನು ಪಾಪ ಊರೀಯನೇ! ಅಲ್ಲಿಯೂ ಪ್ರವಾದಿ ನಾತಾನ ಬಂದು ಆ ಮನುಷ್ಯ ನೀನೇ ಎಂದು ಅರಸನತ್ತ ಬೆರಳು ತೋರಿಸಬೇಕಾಯಿತು. ಹಲವು ಕೈಗಳಲ್ಲಿ ಹಂಚಿಹೋದ ಅಪರಾಧವನ್ನು ಒಟ್ಟುಗೂಡಿಸಿ ಒಬ್ಬನ ಬಾಗಿಲಿಗೆ ತಂದಿಡುವ ಈ ಕೆಲಸದಲ್ಲಿ ಬೈಬಲಿನ ದೈವನ್ಯಾಯಕ್ಕೆ ಎಲ್ಲಿಲ್ಲದ ಖಚಿತತೆ.

ಶಿಕ್ಷೆಯ ಮಾತು ಬಂದಾಗ ಆ ಖಚಿತತೆ ಕದಲುತ್ತದೆ. ಅಹಾಬ ಗೋಣಿತಟ್ಟು ಉಟ್ಟು ಪಶ್ಚಾತ್ತಾಪಪಟ್ಟ. ಅವನ ಮನೆತನಕ್ಕೆ ಬರಬೇಕಿದ್ದ ಕೇಡು ಮಗನ ಕಾಲಕ್ಕೆ ಸರಿಯಿತು. ನಾಬೋತನ ಕೊಲೆಯಲ್ಲಿ ಮಗನ ಪಾಲೇನು? ತಂದೆಯ ಪಾಪ ಮಗನ ತಲೆಗೆ ಕಟ್ಟಬಾರದೆಂದು ಮುಂದೆ ಪ್ರವಾದಿ ಯೆಹೆಜ್ಕೇಲ ವಾದಿಸಿದ್ದು ಸುಮ್ಮನಲ್ಲ.

ಕಡೆಗೆ ದಂಗೆಯೆದ್ದ ಸೇನಾಧಿಕಾರಿ ಯೇಹು ಅಹಾಬನ ಮಗ ಯೋರಾಮನನ್ನು ಕೊಂದು, ಹೆಣವನ್ನು ನಾಬೋತನ ಹೊಲಕ್ಕೇ ಎಸೆಸಿದ. ಆಮೇಲೆ ಅವನೂ ಪತ್ರ ಬರೆದ, ಸಮಾರ್ಯದ ಹಿರಿಯರಿಗೆ. ಅವರು ಅಹಾಬನ ಮನೆತನದ 70 ಗಂಡುಮಕ್ಕಳ ತಲೆ ಕಡಿಸಿ ಬುಟ್ಟಿಗಳಲ್ಲಿ ಕಳಿಸಿಕೊಟ್ಟರು. ಮರುದಿನ ಬೆಳಿಗ್ಗೆ ಯೇಹು ಜನರೆದುರು ನಿಂತು ಇವರನ್ನು ಕೊಂದವರು ಯಾರು ಎಂದು ಅಮಾಯಕನಂತೆ ಕೇಳಿ, ದೇವರ ಮಾತು ನೆರವೇರಿತೆಂದು ಘೋಷಿಸಿದ. ಈಜೆಬೆಲಳ ವಿದ್ಯೆಯನ್ನು ಅವಳ ವೈರಿಯೇ ಕಲಿತಂತಿದೆ.

ಅರಸುಗಳ ಗ್ರಂಥ ಯೇಹುವನ್ನು ಮೆಚ್ಚಿ, ಅವನ ವಂಶ ನಾಲ್ಕು ತಲೆಮಾರು ಆಳಲಿದೆಯೆಂದು ದೇವರ ಬಾಯಲ್ಲೇ ಹೇಳಿಸುತ್ತದೆ. ಸುಮಾರು ನೂರು ವರ್ಷದ ಬಳಿಕ ಬಂದ ಪ್ರವಾದಿ ಹೋಶೇಯನ ಮೂಲಕ ಅದೇ ದೇವರು, ಇಜ್ರೇಲಿನಲ್ಲಿ ಹರಿದ ರಕ್ತಕ್ಕೆ ಯೇಹುವಿನ ಮನೆತನವೇ ಹೊಣೆ ಎನ್ನುತ್ತಾನೆ. ಗ್ರಂಥಗಳನ್ನು ಒಟ್ಟುಗೂಡಿಸಿದವರು ಎರಡು ತೀರ್ಪುಗಳನ್ನೂ ಉಳಿಸಿಕೊಂಡರು. ಎರಡೂ ಪತ್ರಗಳಿಗೆ ತುಟಿಪಿಟಕ್ಕೆನ್ನದೆ ಒಪ್ಪಿದ ಹಿರಿಯರ ಬಗ್ಗೆ ಮಾತ್ರ ಎಲೀಯನಂಥವನೂ ಚಕಾರವೆತ್ತಿಲ್ಲ.