ಹಸುಗೂಸಿಗೆ ನಗರದಲ್ಲಿ ಜಾಗವೆಲ್ಲಿ?

“ಇಷ್ಟು ಚಿಕ್ಕ ಮಗುವನ್ನು ಕಟ್ಟಿಕೊಂಡು ಊರು ಸುತ್ತುವ ದರ್ದೇನಿತ್ತು?” ಎಂಬ ಪ್ರಶ್ನೆಯನ್ನು ಕೇಳಿಸಿಕೊಳ್ಳದ ತಂದೆತಾಯಿಯರು ನಮ್ಮಲ್ಲಿ ವಿರಳ. ಪ್ರಶ್ನೆಯ ವೇಷದಲ್ಲಿರುವ ಈ ಮಾತು ವಾಸ್ತವವಾಗಿ ಒಂದು ತೀರ್ಪು. ಮಗು ರೈಲಿನಲ್ಲಿ ಅತ್ತರೆ, ವಸತಿಗೃಹದಲ್ಲಿ ರಾತ್ರಿಯಿಡೀ ಎಚ್ಚರವಿದ್ದರೆ, ಅದು ಹೆತ್ತವರ ಅವಿವೇಕದ ಫಲ ಎಂದು ಅದು ಸಾರುತ್ತದೆ. ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಮಗುವಿನೊಡನೆ ಪರಸ್ಥಳದಲ್ಲಿ ಮೊದಲ ರಾತ್ರಿ ಕಳೆಯುವುದು ದುಸ್ತರವಾಗಿದ್ದರೆ, ಅದರ ಹೊಣೆ ಮಗುವಿನ ಇರವನ್ನೇ ಮರೆತು ಕಟ್ಟಿದ ನಮ್ಮ ನಗರಗಳದ್ದು, ನಮ್ಮ ನಿಯಮಗಳದ್ದು.

ಹಿರಿಯರ ವಾದದಲ್ಲಿ ಹುರುಳಿಲ್ಲವೆಂದಲ್ಲ. ಬಾಣಂತಿಗೆ ವಿಶ್ರಾಂತಿ ಬೇಕು, ಎಳೆಗೂಸಿಗೆ ಸೋಂಕು ಬೇಗ ತಗಲುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಗು, ಜ್ವರದಲ್ಲಿರುವ ಮಗು ಮನೆಯಲ್ಲಿಯೇ ಇರಬೇಕು. ವೈದ್ಯರ ಮಾತನ್ನು ಮೀರಬಾರದು. ಆದರೆ ಸಕಾಲಕ್ಕೆ ಲಸಿಕೆ ಪಡೆದು ಆರೋಗ್ಯವಾಗಿರುವ ಐದಾರು ತಿಂಗಳ ಮಗುವಿಗೂ ಹೊಸಿಲು ದಾಟದ ಶಿಕ್ಷೆಯೇಕೆ? ತವರು ಪಕ್ಕದ ಬೀದಿಯಲ್ಲಿದ್ದ ಕಾಲದ ವಿವೇಕವದು. ಪುಣೆ, ಚೆನ್ನೈ, ದೆಹಲಿಗಳಲ್ಲಿ ನೆಲೆಸಿರುವ ನಮ್ಮಂಥವರ ತವರು ಧಾರವಾಡದಲ್ಲೋ ಉಡುಪಿಯಲ್ಲೋ ಇದೆ. ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಬೇಕಾದರೂ ನಾವು ರಾತ್ರಿಯ ರೈಲು ಹತ್ತಲೇಬೇಕು.

ಅಲ್ಲದೆ ಈ ಪ್ರಶ್ನೆಯನ್ನು ಎಲ್ಲರಿಗೂ ಕೇಳುವುದಿಲ್ಲ. ಕಲಬುರಗಿ, ಯಾದಗಿರಿಗಳ ಕಡೆಯಿಂದ ಮುಂಬೈ, ಪುಣೆಗಳ ಕಟ್ಟಡದ ಕೆಲಸಕ್ಕೆ ಬರುವ ತಾಯಂದಿರು ಕೂಸನ್ನು ಕಂಕುಳಲ್ಲಿಟ್ಟುಕೊಂಡೇ ಬರುತ್ತಾರೆ. ಅವರಿಗೆ ದರ್ದೇನೆಂದು ಯಾರೂ ವಿಚಾರಿಸುವುದಿಲ್ಲ. ತಾಯಿಯಾದವಳು ದುಡಿಯಲು ಹೊರಡಬಹುದು. ನೆಂಟರ ಮದುವೆಗೋ ನಾಟಕಕ್ಕೋ ಹೊರಟರೆ ಮಾತ್ರ ಅದು ಶೋಕಿ. ಮಗುವಿನ ಆರೋಗ್ಯದ ಹೆಸರಿನಲ್ಲಿ ನಾವು ಕಾಯುತ್ತಿರುವುದು ತಾಯಿಯ ಸಂತೋಷದ ಮೇಲಿನ ಕಟ್ಟುಪಾಡನ್ನು.

ಇನ್ನು ವ್ಯವಸ್ಥೆಯ ಮಾತು. ರೈಲಿನಲ್ಲಿ 5 ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಕಿಲ್ಲ. ಇದು ಉದಾರ ನಿಯಮವೇ. ಆದರೆ ಟಿಕೆಟ್ ಇಲ್ಲದ ಮಗುವಿಗೆ ಬರ್ತ್ ಕೂಡ ಇಲ್ಲ. ಒಬ್ಬರಿಗೆಂದು ಮಾಡಿದ ಬರ್ತಿನಲ್ಲಿ ತಾಯಿ ಅಂಚಿಗೆ ಒತ್ತಿಕೊಂಡು, ಮಗು ಉರುಳೀತೆಂಬ ಭಯದಲ್ಲಿ ಕಣ್ಣು ಮುಚ್ಚದೆ ರಾತ್ರಿ ಕಳೆಯುತ್ತಾಳೆ. 2022ರ ಮೇ ತಿಂಗಳಿನಲ್ಲಿ ಉತ್ತರ ರೈಲ್ವೆಯು ಲಖನೌ ಮೇಲ್ ಗಾಡಿಯ ಒಂದು ಬೋಗಿಯಲ್ಲಿ, ಕೆಳಗಿನ ಬರ್ತಿಗೆ ಹೊಂದಿಸಿದ ಮಡಚುವ ಶಿಶು ಬರ್ತನ್ನು ಪ್ರಯೋಗಾರ್ಥವಾಗಿ ಅಳವಡಿಸಿತು. ಪತ್ರಿಕೆಗಳಲ್ಲಿ ಚಿತ್ರ ಬಂತು, ಪ್ರಶಂಸೆ ಬಂತು. ನಾನು ಓಡಾಡುವ ಗಾಡಿಗಳಲ್ಲಿ ಅದನ್ನು ಕಂಡಿಲ್ಲ. ಸಾಮಾನ್ಯ ಬೋಗಿಯ ತಾಯಂದಿರಾದರೋ ಎರಡು ಬರ್ತುಗಳ ನಡುವೆ ಹಳೆಯ ಸೀರೆಯನ್ನು ಬಿಗಿದು ಜೋಲಿ ಕಟ್ಟಿಕೊಳ್ಳುತ್ತ ಬಂದಿದ್ದಾರೆ. ಇಲಾಖೆ ಪ್ರಯೋಗವೆಂದು ಕರೆದದ್ದನ್ನು ಅವರು ಯಾವ ಆದೇಶಕ್ಕೂ ಕಾಯದೆ ಎಂದೋ ಮಾಡಿ ಮುಗಿಸಿದ್ದಾರೆ.

ನನ್ನ ಮಗಳಿಗೆ ಆರು ತಿಂಗಳಿದ್ದಾಗ ಕನ್ನಡದ ಒಂದು ಸಾಹಿತ್ಯ ಗೋಷ್ಠಿಗೆಂದು ನಾವು ಪುಣೆಯಿಂದ ಮುಂಬೈಗೆ ಹೋಗಿ ಒಂದು ರಾತ್ರಿ ತಂಗಿದ್ದೆವು. ವಸತಿಗೃಹದವರು ಗುರುತಿನ ಚೀಟಿ ಕೇಳುವ ಮೊದಲೇ ಮಗು ರಾತ್ರಿ ಅಳುತ್ತದೆಯೇ ಎಂದು ಕೇಳಿದರು. ಬಿಸಿನೀರು ಬೆಳಗ್ಗೆ ಏಳರ ಮೇಲೆ ಮಾತ್ರ. ಮಂಚಕ್ಕೆ ತಡೆಯಿಲ್ಲದ್ದರಿಂದ ಹಾಸಿಗೆಯನ್ನು ನೆಲಕ್ಕೆಳೆದು ಮೂವರೂ ಮಲಗಿದೆವು. ಮರುದಿನ ಒಂದು ದೊಡ್ಡ ಮಳಿಗೆಯಲ್ಲಿ ಮಗುವಿನ ಬಟ್ಟೆ ಬದಲಿಸುವ ಹಲಗೆಯೇನೋ ಇತ್ತು, ಆದರೆ ಮಹಿಳೆಯರ ಶೌಚಾಲಯದಲ್ಲಿ ಮಾತ್ರ. ಮಗುವನ್ನೆತ್ತಿಕೊಂಡು ನಿಂತಿದ್ದ ತಂದೆಗೆ ಅಲ್ಲಿ ಪ್ರವೇಶವಿಲ್ಲ. ಒಂದು ಗಳಿಗೆ ಕುಳಿತಿದ್ದ ಪತ್ನಿಯೇ ಮತ್ತೆ ಏಳಬೇಕಾಯಿತು. ಆ ಹಲಗೆಯನ್ನು ಅಲ್ಲಿ ಜಡಿದ ಮನೋಭಾವ ನಮ್ಮ ಸೇವಾ ನಿಯಮಗಳಲ್ಲಿಯೂ ಇದೆ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ 180 ದಿನಗಳ ಹೆರಿಗೆ ರಜೆ. ನನ್ನಂಥ ತಂದೆಗೆ 15 ದಿನ. ಹೆತ್ತ ದೇಹಕ್ಕೆ ಹೆಚ್ಚಿನ ರಜೆ ನ್ಯಾಯವೇ. ಆದರೆ ಹದಿನಾರನೆಯ ದಿನದಿಂದ ತಂದೆ ಬರಿಯ ಸಾಮಾನು ಹೊರುವವನೆಂದು ಭಾವಿಸುವುದು ನ್ಯಾಯವಲ್ಲ.

ಇಂಥ ಕೊರತೆಗಳಿಗೆ ಪರಿಹಾರವೆಂದು ನಮಗೆ ಸಿಗುವುದು ಉಪದೇಶಗಳ ಪಟ್ಟಿ: ಫ್ಲಾಸ್ಕ್ ಒಯ್ಯಿರಿ, ಹೆಚ್ಚುವರಿ ಬಟ್ಟೆ ಒಯ್ಯಿರಿ, ರಬ್ಬರ್ ಹಾಸು ಒಯ್ಯಿರಿ, ಮೇಲುಹೊದಿಕೆ ಮರೆಯಬೇಡಿರಿ. ಪಟ್ಟಿ ಉಪಯುಕ್ತವೇ, ನಾವೂ ಪಾಲಿಸಿದೆವು. ಆದರೆ ಅದರ ಒಂದೊಂದು ಸಾಲೂ ನಗರವು ಮಾಡದೆ ಬಿಟ್ಟ ಒಂದೊಂದು ಕೆಲಸದ ದಾಖಲೆ. ಸಾರ್ವಜನಿಕ ಕರ್ತವ್ಯವನ್ನು ಮಡಚಿ ತಾಯಿಯ ಚೀಲದಲ್ಲಿ ತುರುಕಿ, ಚೀಲ ಭಾರವಾಯಿತೆಂದರೆ ಪ್ರಯಾಣವೇ ಬೇಡವಿತ್ತು ಎನ್ನುತ್ತೇವೆ.

ಇದೇನು ಅಸಾಧ್ಯ ಬೇಡಿಕೆಯಲ್ಲ. ತಮಿಳುನಾಡು 2015ರಲ್ಲಿಯೇ ಬಸ್ ನಿಲ್ದಾಣಗಳಲ್ಲಿ ಹಾಲೂಡಿಸುವ ಕೊಠಡಿಗಳನ್ನು ತೆರೆಯಿತು. 2025ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕನ್ನಡಿಗರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠದ ಮೂಲಕ, ಸಾರ್ವಜನಿಕ ಕಟ್ಟಡಗಳಲ್ಲಿ ಇಂಥ ಸ್ಥಳವಿರಬೇಕೆಂದೂ, ಸಾರ್ವಜನಿಕವಾಗಿ ಹಾಲೂಡಿಸುವುದನ್ನು ಕಳಂಕವಾಗಿ ಕಾಣಬಾರದೆಂದೂ ಹೇಳಿತು. ಕೊಠಡಿ ಇದ್ದರೆ ಸಾಲದು. ಅದರ ಬೀಗ ತೆರೆದಿರಬೇಕು, ಅದು ಉಗ್ರಾಣವಾಗದಿರಬೇಕು ಎಂಬುದನ್ನು ಸರ್ಕಾರಿ ಕಚೇರಿಯೊಳಗಿದ್ದು ಬಲ್ಲ ನಾನು ಒತ್ತಿ ಹೇಳಬೇಕಾಗಿದೆ.

ಉಳಿದವರ ನಿದ್ದೆಯ ಹಕ್ಕೇನು ಎಂದು ಕೇಳುವವರಿದ್ದಾರೆ. ನಿದ್ದೆಗೆಟ್ಟವರ ಸಂಕಟ ಸುಳ್ಳಲ್ಲ. ಆದರೆ ನಡುರಾತ್ರಿಯಲ್ಲಿ ಮೊಬೈಲನ್ನು ಗಟ್ಟಿಯಾಗಿ ಹಾಕಿಕೊಂಡು ಚಲನಚಿತ್ರ ನೋಡುವ ಸಹಪ್ರಯಾಣಿಕನನ್ನು ಸಹಿಸಿಕೊಳ್ಳುವ ಸಭ್ಯರು, ಬೇರೆ ಭಾಷೆಯಿಲ್ಲದ ಕೂಸಿನ ಅಳುವಿಗೆ ಮಾತ್ರ ಹುಬ್ಬು ಗಂಟಿಕ್ಕುವುದೇಕೆ?

ಕೊನೆಯದಾಗಿ ನಮ್ಮ ಮನೆಯ ಮಾತು. ಮೇಲೆ ಹೇಳಿದ ಆ ಗೋಷ್ಠಿಯಲ್ಲಿ ಜನಪದ ಜೋಗುಳಗಳ ಮೇಲೊಂದು ಪ್ರಬಂಧ ಮಂಡನೆಯಾಯಿತು. ಮಗಳು ಗದ್ದಲವೆಬ್ಬಿಸಿದ್ದರಿಂದ ನನ್ನ ಪತ್ನಿ ಅದನ್ನು ಸಭಾಂಗಣದ ಹೊರಗಿನ ಮೆಟ್ಟಿಲ ಮೇಲೆ ಕುಳಿತು, ಬಾಗಿಲ ಸಂದಿಯಿಂದ ಕೇಳಿದಳು. ಸಂಘಗಳಿಗೆ ಯುವಕರು ಬರುತ್ತಿಲ್ಲವೆಂದು ವರ್ಷಕ್ಕೊಮ್ಮೆ ಹಲುಬುವ ನಾವು, ಹೊಸ ತಾಯಿತಂದೆಯರಿಗೆಂದು ಸಭಾಂಗಣದ ಪಕ್ಕದ ಒಂದು ಕೋಣೆ, ಒಂದು ಚಾಪೆ, ಒಂದು ಧ್ವನಿವರ್ಧಕ ಇಡಲಾರೆವೇ? ರೈಲ್ವೆ ಮಂಡಳಿಗೆ ಮನವಿ ಬರೆಯೋಣ, ನಗರಪಾಲಿಕೆಯನ್ನು ಪ್ರಶ್ನಿಸೋಣ. ಮುಂದಿನ ಯುಗಾದಿಯ ಕಾರ್ಯಕ್ರಮದ ಆಹ್ವಾನಪತ್ರಿಕೆಯಲ್ಲಿ “ಶಿಶುಗಳಿಗೆ ವ್ಯವಸ್ಥೆ ಇದೆ” ಎಂಬ ಒಂದು ಸಾಲನ್ನು ಅಚ್ಚು ಹಾಕಿಸಲು ಮಾತ್ರ ಯಾರ ಅಪ್ಪಣೆಗೂ ಕಾಯಬೇಕಿಲ್ಲ.